ಮೂವತ್ತೊಂದು ಇಂಚಿನ ಕಟ್ಟೆ

ನಮ್ಮೂರಿನಲ್ಲಿ ಹೊಸ ಮನೆ ಕಟ್ಟಿಸಿದವರು ಅಡುಗೆಮನೆಗೆ ಡ್ರಾಯರುಗಳನ್ನು ಕೂಡಲೇ ಹಾಕಿಸುವುದಿಲ್ಲ. ನಲವತ್ತೆಂಟು ದಿನ, ಎಂದರೆ ಒಂದು ಮಂಡಲ, ಕಾಯುತ್ತಾರೆ. ಕಟ್ಟೆಯನ್ನು ಮೂವತ್ತನಾಲ್ಕು ಇಂಚಿಗೆ ಕಟ್ಟಿ, ಮೇಲೆ ಕಲ್ಲು ಹಾಸಿ, ಮುಂದೆ ನೆಲದವರೆಗೆ ಒಂದು ಬಟ್ಟೆ ಇಳಿಬಿಟ್ಟು ಅಡುಗೆ ಶುರುಮಾಡುತ್ತಾರೆ. ಅಲ್ಲಿ ನಿಂತು ಕೆಲಸ ಮಾಡುವವರ ಮೈಕಟ್ಟಿಗೆ ತಕ್ಕಂತೆ ಕಟ್ಟೆ ಏರುತ್ತದೆ, ಇಲ್ಲವೆ ಇಳಿಯುತ್ತದೆ. ದಿನಕ್ಕೆ ಒಂದು ಅಕ್ಕಿಕಾಳಿನಷ್ಟು. ಮಂಡಲ ಮುಗಿಯುವ ಹೊತ್ತಿಗೆ ಅವರ ಮೊಣಕೈಗಿಂತ ಅರ್ಧ ಗೇಣು ಕೆಳಗೆ ಬಂದು ನಿಲ್ಲುತ್ತದೆ. ಆಮೇಲೆ ಅಳತೆ ತೆಗೆದು ಕಟ್ಟೆಯ ಕೆಳಗೆ ಡ್ರಾಯರುಗಳ ಬಾಕ್ಸುಗಳನ್ನು ಕೂರಿಸುತ್ತಾರೆ. ಬಾಕ್ಸು ಕೂತ ಮೇಲೆ ಅಡುಗೆಯವರನ್ನು ಬದಲಾಯಿಸುವಂತಿಲ್ಲ. ಕಟ್ಟೆ ಹೊಸಬರ ಎತ್ತರಕ್ಕೆ ಹೊರಡುತ್ತದೆ, ಬಾಕ್ಸು ಬಿಡುವುದಿಲ್ಲ, ನಡುವೆ ಕಲ್ಲು ಸೀಳುತ್ತದೆ.

ಬಚ್ಚಲುಮನೆಗಳದ್ದೂ ಹೀಗೆಯೇ. ಅಲ್ಲಿ ಲೆಕ್ಕಕ್ಕೆ ಬರುವುದು ಸ್ನಾನ ಮಾಡುವವರಲ್ಲ, ತೊಳೆಯುವವರು. ಗೋಡೆಗೆ ನೇತುಹಾಕುವ ಕಮೋಡು ಬಂದ ವರ್ಷ ನಮ್ಮೂರಿನ ದೊಡ್ಡ ಮನೆಯವರೆಲ್ಲ ಅದನ್ನೇ ಹಾಕಿಸಿದರು. ತೊಳೆಯುವವರ ನಡು ನೋಯದಷ್ಟು ಎತ್ತರಕ್ಕೆ ಅವು ಏರಿ ನಿಂತವು. ಈಗ ಆ ಮನೆಗಳಲ್ಲಿ ಯಜಮಾನರು ಕಾಲಡಿಗೆ ಸ್ಟೂಲು ಇಟ್ಟುಕೊಂಡು ಕೂರುತ್ತಾರೆ. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ನಮ್ಮ ಅಂಗಡಿಯಲ್ಲಿ ಆ ಸ್ಟೂಲು ಮೂರು ಬಣ್ಣಗಳಲ್ಲಿ ಸಿಗುತ್ತದೆ.

ಅಡುಗೆಮನೆ, ಬಚ್ಚಲುಮನೆ ಮಾಡಿಕೊಡುವ ಆ ಅಂಗಡಿಯಲ್ಲಿ ನಾನು ಅಳತೆಯವಳು. ಹೆಸರು ಪುಷ್ಪಲತಾ. ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಮಾಡಿದೆ. ನಲವತ್ತು ಹುಡುಗಿಯರಿಗೆ ಎರಡು ಬಚ್ಚಲುಮನೆ ಇದ್ದ ಹಾಸ್ಟೆಲು ಅದು. ಲೈಬ್ರರಿಯಲ್ಲಿ ಮಾತ್ರ ಒಳ್ಳೆಯ ಲೈಟಿತ್ತು, ಹಾಗಾಗಿ ಅಲ್ಲೇ ಕೂತು ಸಿಕ್ಕಿದ್ದೆಲ್ಲ ಓದಿದೆ. ಓದಿದ್ದರಿಂದ ಒಂದು ಉಪಯೋಗವಾಯಿತು. ಜನ ಹೇಳುವುದು ಒಂದು, ಇರುವುದು ಒಂದು ಆದಾಗ ನನಗೆ ಆಶ್ಚರ್ಯವಾಗುವುದಿಲ್ಲ. ಅಂಗಡಿಯ ಯಜಮಾನ ಭೂಷಣಣ್ಣ ನನಗೆ ಮೊದಲ ವಾರದಲ್ಲೇ ಹೇಳಿಕೊಟ್ಟ: "ಹೇಳೋ ಅಳತೆ ಬೇರೆ, ಬರೆಯೋ ಅಳತೆ ಬೇರೆ, ಪುಷ್ಪಾ. ಜನರ ಮುಂದೆ ಮನೆಯಾಕೆ ಎತ್ತರಕ್ಕೆ ಸರಿಹೋಗೋದು ಹೇಳು. ಬುಕ್ಕಲ್ಲಿ ಇದ್ದದ್ದು ಬರಿ. ಒಂದಿಂಚು, ಒಂದೂವರೆ ಇಂಚು ಹೆಚ್ಚುಕಮ್ಮಿ ಯಾರ ಕಣ್ಣಿಗೂ ಬೀಳಲ್ಲ." ನಲವತ್ತೆಂಟನೆಯ ದಿನ ನೆಂಟರಿಷ್ಟರ ಎದುರು ಅಳತೆಯನ್ನು ಮೂರು ಸಲ ಗಟ್ಟಿಯಾಗಿ ಹೇಳುವುದು ನಮ್ಮೂರಿನ ಪದ್ಧತಿ. ಎರಡು ವರ್ಷ ನಾನು ಹಾಗೆ ಹೇಳಿದ್ದೇನೆ. ಸೊಸೆ ಬೇಯಿಸಿದ ಮನೆಯಲ್ಲಿ ಅತ್ತೆಯ ಎತ್ತರ ಹೇಳಿದ್ದೇನೆ, ಕೆಲಸದವಳು ಬೇಯಿಸಿದ ಮನೆಯಲ್ಲಿ ಸೊಸೆಯ ಎತ್ತರ ಹೇಳಿದ್ದೇನೆ. ಒಬ್ಬ ಮಾಸ್ತರು ತಾನೇ ಅಡುಗೆ ಮಾಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡಿದ್ದ. ಅವನ ಕಟ್ಟೆ ಮೂವತ್ತೆರಡಕ್ಕೆ ನಿಂತಿತ್ತು. ಅವನು ಆರಡಿ ಮನುಷ್ಯ. ಅವತ್ತು ಮಾತ್ರ ಏನು ಹೇಳಿದರೂ ಪ್ರಯೋಜನವಿರಲಿಲ್ಲ.

ನಮ್ಮ ಬಾಡಿಗೆ ಮನೆಯ ಕಟ್ಟೆ ಮೂವತ್ತೊಂದರಲ್ಲಿದೆ. ಅಮ್ಮನ ಎತ್ತರ ನಾಲ್ಕಡಿ ಒಂಬತ್ತು ಇಂಚು. ಆ ಮನೆಯಲ್ಲಿ ನಾನು ಅಡುಗೆ ಮಾಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಮ್ಮ, ಎಂದರೆ ತಿಪ್ಪಮ್ಮ, ಹದಿನಾರು ವರ್ಷದಿಂದ ಕೊಟ್ರೇಶಪ್ಪನವರ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಅವರ ಹಳೆಯ ಮನೆಯ ಅಡುಗೆಮನೆ ಹಿಂದುಗಡೆ ಇತ್ತು. ಕಟ್ಟೆಯ ಕೆಳಗೆ ಸಿಲಿಂಡರು, ಈರುಳ್ಳಿ ಬುಟ್ಟಿ. ಕಟ್ಟೆ ಯಾರ ಎತ್ತರಕ್ಕಿದೆ ಎಂದು ಹೋಗಿ ನೋಡುವವರಿರಲಿಲ್ಲ. ಹೋದ ವರ್ಷ ಅವರು ಹೊಸ ಮನೆ ಕಟ್ಟಿಸಿದರು. ಡ್ರಾಯಿಂಗು ಮಾಡಿದ್ದು ನಾನೇ. ಕೊಟ್ರೇಶಪ್ಪನವರ ಹೆಂಡತಿ ವಿಶಾಲಾಕ್ಷಕ್ಕ ಅಂಗಡಿಗೆ ಬಂದು ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸಿದರು. ಬಾಕ್ಸುಗಳಿಗೆ ಹಿಡಿಯಿಲ್ಲದ ಶಟರು ಬಾಗಿಲುಗಳು, ಬಿಳಿ ಕ್ವಾರ್ಟ್ಜ್ ಕಲ್ಲು, ಮೇಲಿನವರೆಗೆ ಹೋಗುವ ಉದ್ದದ ಬೀರು, ಬಚ್ಚಲುಮನೆಗೆ ಕರಿ ನಲ್ಲಿಗಳು, ಗಾಜಿನ ಅಡ್ಡಗೋಡೆ.

"ಕರಿ ನಲ್ಲಿಯಲ್ಲಿ ನೀರಿನ ಕಲೆ ಬೆಳ್ಳಗೆ ಕಾಣುತ್ತೆ ಅಕ್ಕಾ," ಎಂದೆ. "ದಿನಾ ಒರೆಸಬೇಕು."

"ಒರೆಸೋರು ಇದ್ದಾರಲ್ಲ," ಎಂದರು. ಆಮೇಲೆ ಮುಖ್ಯವಾದದ್ದನ್ನು ಹೇಳಿದರು. "ಓಪನ್ ಕಿಚನ್ ಬೇಕು. ಹಾಲಲ್ಲಿ ಸೋಫಾ ಮೇಲೆ ಕೂತೋರಿಗೆ ಅಡುಗೆಮನೆ ಪೂರ್ತಿ ಕಾಣಬೇಕು."

"ಪೂರ್ತಿ ಕಂಡರೆ ಕಟ್ಟೆಯೂ ಕಾಣುತ್ತೆ."

"ಅದಕ್ಕೇ ನಿನ್ನ ಹತ್ರ ಬಂದಿರೋದು."

ವಿಶಾಲಾಕ್ಷಕ್ಕ ಐದಡಿ ಐದಿಂಚು ಇದ್ದಾರೆ. ಅವರ ಕಟ್ಟೆ ಮೂವತ್ತಾರಕ್ಕೆ ನಿಲ್ಲಬೇಕು. ಅವರಿಗೆ ಪ್ರೇಮಲೀಲಾ ಎಂದು ಒಬ್ಬ ನಾದಿನಿ. ಎಂದೋ ಹಬ್ಬದೂಟಕ್ಕೆ ಬಂದಾಗ ಹಳೆಯ ಅಡುಗೆಮನೆಗೆ ಹೋಗಿ ಕಟ್ಟೆಗೆ ಮೈ ತಾಗಿಸಿ ನಿಂತು, "ಅತ್ತಿಗೆ, ಇದು ನಿಮ್ಮನೆಯೋ ತಿಪ್ಪಮ್ಮನ ಮನೆಯೋ?" ಎಂದಿದ್ದರಂತೆ. ವಿಶಾಲಾಕ್ಷಕ್ಕ ಇದನ್ನು ನನಗೆ ಎರಡು ಸಲ ಹೇಳಿದರು. ಐದು ಇಂಚಿನ ಅಂತರವನ್ನು ಬಾಯಿಮಾತಿನಲ್ಲಿ ಮುಚ್ಚಲು ಆಗುವುದಿಲ್ಲ. ಅದಕ್ಕೆ ಮಣೆಯೇ ಆಗಬೇಕು. ಅಡುಗೆಯವಳನ್ನು ಮಣೆಯ ಮೇಲೆ ನಿಲ್ಲಿಸಿದರೆ ಕಟ್ಟೆ ಮಣೆಯನ್ನೂ ಅವಳ ಎತ್ತರಕ್ಕೇ ಸೇರಿಸಿಕೊಳ್ಳುತ್ತದೆ. ಊರಲ್ಲಿ ನಾಲ್ಕಾರು ಮನೆಯಲ್ಲಿ ಹೀಗೆ ಮಾಡಿದ್ದಾರೆ. ಮಂಡಲ ಮುಗಿದು ಬಾಕ್ಸು ಕೂತ ಮೇಲೆ ಅಡುಗೆಯವಳು ಬದುಕಿರುವತನಕ ಮಣೆಯ ಮೇಲೇ ನಿಂತು ಬೇಯಿಸಬೇಕು, ಅಷ್ಟೇ.

ಭೂಷಣಣ್ಣ ನಮ್ಮ ಬಡಗಿಯ ಕೈಲಿ ಐದು ಇಂಚು ಎತ್ತರದ ಮಣೆ ಮಾಡಿಸಿದ. ಉದ್ದ ನಾಲ್ಕಡಿ, ಮೇಲೆ ಜಾರದ ಹಾಗೆ ರಬ್ಬರು. "ನಿಮ್ಮಮ್ಮನೇ ಅಲ್ವಾ? ನೀನೇ ಕೊಟ್ಬಿಡು. ಬೇರೆಯವರು ಹೇಳಿದ್ರೆ ಬೇಜಾರಾಗುತ್ತೆ," ಎಂದ. ನಾನೇ ಹೊತ್ತುಕೊಂಡು ಹೋದೆ. ಅದನ್ನು ಮುಚ್ಚಿಟ್ಟು ಹೇಳಲಾರೆ.

ಅಮ್ಮ ಹೊಸ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ಮಣೆಯನ್ನು ನೋಡಿದಳು. ಕಾಲಿನಿಂದ ತಟ್ಟಿ ನೋಡಿದಳು.

"ಯಾರ ಐಡಿಯಾ ಇದು?"

"ಭೂಷಣಣ್ಣಂದು. ಅಕ್ಕಂದು."

"ನಿಂದು?"

"ನಾನು ಅಳತೆ ಕೊಟ್ಟೆ."

"ಚಲೋ ಮಾಡೀಯ, ಅಲುಗಾಡಲ್ಲ," ಎಂದು ಹೇಳಿ ಮಣೆಯನ್ನು ಒಲೆಯ ಮುಂದೆ ಎಳೆದುಕೊಂಡು ಹತ್ತಿ ನಿಂತಳು. ವಿಶಾಲಾಕ್ಷಕ್ಕ ಸೋಫಾದಿಂದ ನೋಡಿ, "ಈಗ ನೋಡು ತಿಪ್ಪಮ್ಮಾ, ಎಷ್ಟು ಲಕ್ಷಣವಾಗಿ ಕಾಣ್ತೀಯ," ಎಂದರು. ಅಮ್ಮ ನಕ್ಕಳು. ಅವಳು ಆ ಮನೆಯಲ್ಲಿ ನಗುವ ಒಂದು ರೀತಿಯಿದೆ. ಹಲ್ಲು ಕಾಣುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ.

ಹನ್ನೆರಡನೆಯ ದಿನ ಮೊದಲ ತಪಾಸಣೆಗೆ ಹೋದೆ. ಮನೆಯವರು ಯಾವುದೋ ಮದುವೆಗೆ ಹೋಗಿದ್ದರು. ಬಟ್ಟೆ ಸರಿಸಿ ಟೇಪು ಹಿಡಿದೆ. ಮೂವತ್ತನಾಲ್ಕೂವರೆಯಾದರೂ ಇರಬೇಕಿತ್ತು. ಮೂವತ್ತಮೂರೂಕಾಲು ಇತ್ತು. ಇನ್ನೊಮ್ಮೆ ಹಿಡಿದೆ. ಅಷ್ಟೇ ಇತ್ತು.

"ಮಣೆ ಎಲ್ಲಿ?"

ಅಮ್ಮ ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಉಗ್ರಾಣದಾಗೆ. ಹಪ್ಪಳದ ಡಬ್ಬಿ ಇಡಾಕೆ ಚಲೋ ಆತು."

"ಅಮ್ಮಾ!"

"ಏನು ಅಮ್ಮಾ? ಎರಡನೇ ದಿನಾನೇ ಸಾರಿನ ಪಾತ್ರೆ ಹಿಡ್ಕೊಂಡು ಹಿಂದಕ್ಕೆ ಕಾಲಿಟ್ಟೆ. ನೆಲ ಐತೆ ಅಂದ್ಕೊಂಡಿದ್ದೆ, ಐದಿಂಚು ಕೆಳಗಿತ್ತು. ನೋಡು." ಸೀರೆ ಎತ್ತಿ ಕಾಲು ತೋರಿಸಿದಳು. ಪಾದದ ಮೇಲೆ ಅಂಗೈಯಗಲ ಸುಟ್ಟಿತ್ತು. ಒಣಗಿ ಕಪ್ಪಾಗಿತ್ತು. ಹತ್ತು ದಿನ ಒಂದೇ ಮನೆಯಲ್ಲಿ ಅವಳ ಜೊತೆ ಮಲಗಿದ್ದೆ, ನಾನು ಕಂಡಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ಮಾಡ್ತಿದ್ದೆ? ಇನ್ನೂ ಅಗಲದ ಮಣೆ ಮಾಡಿಸ್ತಿದ್ದೆ."

ಅದು ನಿಜವಾಗಿತ್ತು. ನಾನು ಅದನ್ನೇ ಯೋಚಿಸುತ್ತಿದ್ದೆ.

"ಅಕ್ಕಂಗೆ ಗೊತ್ತಾದ್ರೆ ಇವತ್ತೇ ಬಿಡಿಸ್ತಾರೆ," ಎಂದೆ. "ಎತ್ತರದವಳನ್ನ ತಂದು ನಿಲ್ಲಿಸ್ತಾರೆ. ಇನ್ನೂ ಮೂವತ್ತಾರು ದಿನ ಐತೆ, ಸಾಕಾಗುತ್ತೆ ಅವರಿಗೆ."

"ಗೊತ್ತು."

"ಮತ್ತೆ?"

ಅಮ್ಮ ಚಾಕು ಕೆಳಗಿಟ್ಟಳು. "ಪುಷ್ಪಾ, ನಂಗೀಗ ನಲವತ್ತೇಳು. ಇನ್ನೂ ಹದಿನೈದು ವರ್ಷ ದುಡಿಬೇಕು. ದಿನಕ್ಕೆ ಎಂಟು ತಾಸು ನಿಲ್ಲೋಳು ನಾನು. ಅವರು ಇಲ್ಲಿಗೆ ಬರೋದು ನೀರು ಕುಡಿಯಾಕೆ. ಹದಿನೈದು ವರ್ಷ ಮಣೆ ಮ್ಯಾಲೆ ಹತ್ತಿ ಇಳಿದು, ಹತ್ತಿ ಇಳಿದು, ಒಂದಿನ ಎಣ್ಣೆ ಬಾಂಡ್ಲಿ ಹಿಡ್ಕೊಂಡು ಬೀಳೋದಾದ್ರೆ ಈಗಲೇ ಬಿಡಿಸಲಿ. ಬೇರೆ ಮನೆ ನೋಡ್ಕೊಂತೀನಿ. ಆದ್ರೆ ನಾನಾಗೇ ಬಿಡಲ್ಲ. ಕಿಟಕಿ ಚಲೋ ಐತೆ ಇಲ್ಲಿ, ಗಾಳಿ ಬರ್ತದೆ. ಹದಿನಾರು ವರ್ಷ ಹೊಗೆ ಕುಡಿದೀನಿ. ಈ ಕಟ್ಟೆ ನಂಗೆ ಬೇಕು."

"ಬೇಕು ಅಂದ್ರೆ?"

"ಬೇಕು ಅಂದ್ರೆ ಬೇಕು. ನಿನ್ನೇನು ಸುಳ್ಳು ಹೇಳು ಅಂತ ಕೇಳ್ತಿಲ್ಲ. ನಿನ್ನ ಕೆಲಸ ನೀನು ಮಾಡು, ನನ್ನ ಕೆಲಸ ನಾನು ಮಾಡ್ತೀನಿ. ಈಗ ದಾರಿ ಬಿಡು, ಒಗ್ಗರಣೆ ಹಾಕ್ಬೇಕು."

ಅಂಗಡಿಗೆ ನಡೆಯುತ್ತ ಹೋದೆ. ಅಳಲಿಲ್ಲ, ಅಳುವಂಥದ್ದೇನೂ ಇರಲಿಲ್ಲ. ವಿಷಯ ಸರಳವಾಗಿತ್ತು. ಮೂವತ್ತಾರು ದಿನ ಯಾರಿಗೂ ಗೊತ್ತಾಗದಿದ್ದರೆ ಅಮ್ಮನಿಗೆ ನೆಲದ ಮೇಲೆ ನಿಂತು ಕೆಲಸ ಮಾಡುವ ಕಟ್ಟೆ ಸಿಗುತ್ತದೆ. ಗೊತ್ತಾದರೆ ಅವಳ ಕೆಲಸ ಹೋಗುತ್ತದೆ, ಜೊತೆಗೆ ನನ್ನದೂ. ಅಳತೆಯನ್ನು ನೋಡುವುದು ನಾನೊಬ್ಬಳೇ. ಎರಡು ವರ್ಷದಿಂದ ಊರಿನವರಿಗಾಗಿ ಸುಳ್ಳು ಅಳತೆ ಹೇಳಿದ್ದೆ. ಆ ಕಸುಬು ಚೆನ್ನಾಗಿ ಬರುತ್ತಿತ್ತು. ಅಂಗಡಿಗೆ ಹೋದವಳೇ ಭೂಷಣಣ್ಣನಿಗೆ, "ಮೂವತ್ತನಾಲ್ಕೂವರೆ, ಏರ್ತಾ ಇದೆ," ಎಂದೆ.

"ನೋಡಿದ್ಯಾ? ಮಣೆ ಅಂದ್ರೆ ಮಣೆ," ಎಂದ ಅವನು.

ಇಪ್ಪತ್ತನಾಲ್ಕನೆಯ ದಿನ ಕಟ್ಟೆ ಮೂವತ್ತೆರಡೂವರೆಗೆ ಇಳಿದಿತ್ತು. ವಿಶಾಲಾಕ್ಷಕ್ಕನಿಗೆ ಮೂವತ್ತೈದು ಎಂದೆ. ಅಕ್ಕಿಕಾಳಿನಷ್ಟು ಇಳಿಯುವುದು ದಿನಾ ನೋಡುವವರಿಗೆ ಕಾಣುವುದಿಲ್ಲ. ಅವರಂತೂ ದಿನಾ ನೋಡುತ್ತಲೂ ಇರಲಿಲ್ಲ. ಕೆಳಗೆ ಬಟ್ಟೆ ಇಳಿಬಿದ್ದಿತ್ತು. ಅದರ ತುದಿ ನೆಲದ ಮೇಲೆ ಮಡಚಿಕೊಳ್ಳತೊಡಗಿದಾಗ ಅಮ್ಮ ರಾತ್ರಿ ಮನೆಗೆ ತಂದು ಅಂಚು ಹೊಲಿದು ಬೆಳಿಗ್ಗೆ ವಾಪಸ್ಸು ಕಟ್ಟಿದಳು. ಯಾರಾದರೂ ಅಡುಗೆಮನೆಯ ಕಡೆ ಬಂದರೆ ಮಣೆಯನ್ನು ಎಳೆದು ಹತ್ತುತ್ತಿದ್ದಳು. ಅವರು ಹೋದ ಮೇಲೆ ಇಳಿಯುತ್ತಿದ್ದಳು. ಹೆಚ್ಚು ಹತ್ತಬೇಕಾಗಿ ಬರಲಿಲ್ಲ. ಓಪನ್ ಕಿಚನ್ ಎಂದು ಗೋಡೆ ಒಡೆಸಿದವರಿಗೆ ಒಗ್ಗರಣೆಯ ಘಾಟು ಹಾಲಿಗೆ ಬರುತ್ತದೆ ಎಂದು ಆಮೇಲೆ ಗೊತ್ತಾಗಿತ್ತು. ಅಡುಗೆಯ ಹೊತ್ತಿಗೆ ಅವರು ಮಹಡಿ ಹತ್ತಿಬಿಡುತ್ತಿದ್ದರು.

ಒಂದೇ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದೆವು. ಮೂವತ್ತಾರನೆಯ ದಿನ ನಾನು ಹೋದಾಗ ವಿಶಾಲಾಕ್ಷಕ್ಕ ಕಟ್ಟೆಯ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಸೌಟು. ಕೊಟ್ರೇಶಪ್ಪನವರು ಫೋನು ಹಿಡಿದಿದ್ದರು. "ಸ್ವಲ್ಪ ಕೆಲಸ ಮಾಡೋ ಥರ ನಿಂತ್ಕೋ," ಎನ್ನುತ್ತಿದ್ದರು.

"ಹೆಂಗೆ ನಿಲ್ಲೋದು? ಬಗ್ಗಬೇಕಾಗ್ತಿದೆ," ಎಂದು ವಿಶಾಲಾಕ್ಷಕ್ಕ ನನ್ನ ಕಡೆ ತಿರುಗಿದರು. "ಪುಷ್ಪಾ, ಇದು ನಂಗೆ ತಗ್ಗು ಅನ್ನಿಸ್ತಿದೆಯಲ್ಲೇ?"

ಅಮ್ಮ ಮಣೆಯ ಮೇಲಿದ್ದಳು. ಕೊತ್ತಂಬರಿ ಸೋಸುತ್ತಿದ್ದವಳು ತಲೆಯೆತ್ತಲಿಲ್ಲ.

ನಾನು ಅವರ ಕಾಲು ನೋಡಿದೆ. "ಮನೆಯೊಳಗಿನ ಚಪ್ಪಲಿ ಹೊಸದಾ ಅಕ್ಕಾ? ಹಿಮ್ಮಡಿ ದಪ್ಪ ಇದೆ."

"ಹೌದಾ? ಹ್ಞೂಂ, ಹೊಸದು. ಡಾಕ್ಟ್ರು ಹೇಳಿದ್ರು."

"ಅದಕ್ಕೇ. ಅದೇ ಎರಡಿಂಚು ಇರಬೇಕು."

"ಎರಡಿಂಚು ಎಲ್ಲಿದೆ?" ಎಂದು ಕೊಟ್ರೇಶಪ್ಪನವರು ಬಗ್ಗಿ ನೋಡತೊಡಗಿದರು. ಅಷ್ಟರಲ್ಲಿ ಅಮ್ಮ, "ಯಜಮಾನ್ರೇ, ಮಿರ್ಚಿ ಮಾಡ್ಲಾ ಬೋಂಡಾ ಮಾಡ್ಲಾ?" ಎಂದು ಕೇಳಿದಳು. ಅವರು ಎದ್ದು ನಿಂತು, "ಎರಡೂ ಮಾಡು," ಎಂದರು. ಚಪ್ಪಲಿಯ ಮಾತು ಅಲ್ಲಿಗೆ ನಿಂತಿತು.

ನಲವತ್ತನೆಯ ದಿನ ಕಟ್ಟೆ ಮೂವತ್ತೊಂದೂವರೆ ಇತ್ತು. ಇನ್ನು ಅದು ಎಲ್ಲಿ ನಿಲ್ಲುತ್ತದೆ ಎಂದು ನನಗೆ ಸಂಶಯವಿರಲಿಲ್ಲ. ಬಾಕ್ಸುಗಳು ಮಂಡಲ ಮುಗಿಯುವ ದಿನಕ್ಕೇ ಬರಬೇಕು, ಅವುಗಳ ಆರ್ಡರನ್ನು ವಾರ ಮೊದಲೇ ಬರೆಯುವುದು ನನ್ನ ಕೆಲಸ. ಫ್ಯಾಕ್ಟರಿಗೆ ಹಾಳೆ ಕಳಿಸುವಾಗ ಎತ್ತರದ ಜಾಗದಲ್ಲಿ ಮೂವತ್ತೊಂದು ಎಂದು ಬರೆದು ಕಳಿಸಿದೆ. ನನ್ನ ಎರಡು ವರ್ಷದ ಕೆಲಸದಲ್ಲಿ ಬರೆಯುವ ಅಳತೆ ಯಾವತ್ತೂ ನಿಜವೇ ಇತ್ತು. ಇಲ್ಲಿಯೂ ಅದನ್ನೇ ಬರೆದೆ. ಹೇಳುವ ಅಳತೆಯ ಬಗ್ಗೆ ಮಾತ್ರ ಇನ್ನೂ ನಿರ್ಧಾರವಾಗಿರಲಿಲ್ಲ. ಜನರ ಮುಂದೆ ಮೂವತ್ತಾರು ಎಂದು ಹೇಳಿ, ವಿಶಾಲಾಕ್ಷಕ್ಕನ ಮಾನವನ್ನೂ ನನ್ನ ಕೆಲಸವನ್ನೂ ಉಳಿಸಿಕೊಳ್ಳಬಹುದೇ ಎಂದು ಯೋಚಿಸಿದೆ. ಆಗದು. ಮೂವತ್ತಾರು ಎಂದು ಊರಿನೆದುರು ಹೇಳಿಬಿಟ್ಟರೆ ವಿಶಾಲಾಕ್ಷಕ್ಕ ಅದನ್ನು ಹಿಡಿದುಕೊಂಡು, ಎತ್ತರದವಳನ್ನು ತಂದು ಕಟ್ಟೆ ಎತ್ತರಿಸಲು ಹೊರಡುತ್ತಾರೆ. ಮೂವತ್ತೊಂದು ಎಂದು ಮೂರು ಸಲ ಎಲ್ಲರ ಕಿವಿಗೆ ಬಿದ್ದರೆ ಮಾತ್ರ ಕಟ್ಟೆ ಅಲ್ಲೇ ನಿಲ್ಲುತ್ತದೆ; ಆಮೇಲೆ ಎತ್ತರಿಸಿದರೆ ಊರಿಗೇ ಗೊತ್ತಾಗುತ್ತದೆ. ಹೀಗೆ ಲೆಕ್ಕ ಹಾಕಿಯೇ ತೀರ್ಮಾನಿಸಿದೆ. ಸತ್ಯದ ಮೇಲಿನ ಪ್ರೀತಿ ಅಂಥದ್ದೇನೂ ಅಲ್ಲ.

ಸೋಮವಾರ ಮಂಡಲ ಮುಗಿಯಿತು. ಹಾಲಿನಲ್ಲಿ ಮೂವತ್ತು ಜನ ಕೂತಿದ್ದರು. ಪ್ರೇಮಲೀಲಾ ಮುಂದಿನ ಸೋಫಾದಲ್ಲಿ ಕೂತು, ಬಚ್ಚಲುಮನೆಗಳನ್ನು ಆಗಲೇ ನೋಡಿಕೊಂಡು ಬಂದು, "ಅತ್ತಿಗೆ, ಕರಿ ನಲ್ಲಿ ಚೆನ್ನಾಗಿದೆ, ಬಿಳಿ ಚುಕ್ಕೆ ಡಿಸೈನ್ ಇರೋದು ತಂದಿದ್ದೀರಲ್ಲ," ಎಂದು ನಗುತ್ತಿದ್ದರು. ಅಮ್ಮ ಬೆಳಗಿನ ಜಾವ ನಾಲ್ಕರಿಂದ ನಿಂತು ಮೂವತ್ತು ಜನರ ಅಡುಗೆ ಮುಗಿಸಿದ್ದಳು. ಭೂಷಣಣ್ಣ ಹೊಸ ಶರ್ಟು ಹಾಕಿ ಬಂದಿದ್ದ. ಕೆಳಗೆ ರಸ್ತೆಯಲ್ಲಿ ಬಾಕ್ಸುಗಳನ್ನು ಹೊತ್ತ ಟೆಂಪೊ ನಿಂತಿತ್ತು. ಕೂರಿಸುವವರು ಅದರ ನೆರಳಲ್ಲಿ ಬೀಡಿ ಸೇದುತ್ತಿದ್ದರು.

ವಿಶಾಲಾಕ್ಷಕ್ಕ ಹೊಸ ಸೀರೆಯಲ್ಲಿ ಕಟ್ಟೆಯ ಪಕ್ಕ ನಿಂತು ಅರಿಶಿನ ಕುಂಕುಮ ಹಚ್ಚಿ ಬಟ್ಟೆ ತೆಗೆದರು. ನಾನು ಮಂಡಿಯೂರಿ ಟೇಪು ಹಿಡಿದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಎಷ್ಟಮ್ಮಾ?" ಎಂದು ಪ್ರೇಮಲೀಲಾ ಕೇಳಿದರು.

"ಮೂವತ್ತೊಂದು."

ಯಾರೋ ಕೆಮ್ಮಿದರು. ಭೂಷಣಣ್ಣ ನನ್ನ ಹತ್ತಿರ ಬಗ್ಗಿ, ಹಲ್ಲು ಕಚ್ಚಿಕೊಂಡೇ ನಗುತ್ತ, "ಟೇಪು ಸರಿಯಾಗಿ ಹಿಡಿ," ಎಂದ. ಹಿಡಿದೆ. ಅವನೂ ನೋಡಿದ. ಅವನ ಮುಖದಿಂದ ನಗು ಇಳಿಯಿತು.

"ಮೂವತ್ತೊಂದು," ಎಂದೆ. ವಿಶಾಲಾಕ್ಷಕ್ಕನ ಕಣ್ಣು ನನ್ನ ಮೇಲಿತ್ತು. ಬೇಡ ಎಂದು ಹೇಳುತ್ತಿತ್ತು. ಆಗ ಮಾತ್ರ ನನಗೆ ಅವರ ಬಗ್ಗೆ ಸ್ವಲ್ಪ ಕೆಟ್ಟದೆನ್ನಿಸಿತು. ನನ್ನನ್ನು ಅವರು ಎಂದೂ ಬೈದವರಲ್ಲ. ಹಾಸ್ಟೆಲಿಗೆ ಹೋಗುವಾಗ ಟ್ರಂಕು ಕೊಟ್ಟವರು ಅವರೇ. ಆದರೆ ಆ ಟ್ರಂಕಿನ ಮೇಲೆ ಅಮ್ಮ ಹದಿನೈದು ವರ್ಷ ನಿಲ್ಲಲಾರಳು.

"ಮೂವತ್ತೊಂದು," ಎಂದು ಮೂರನೆಯ ಸಲ ಹೇಳಿ ಎದ್ದು ನಿಂತೆ.

"ಅದು ಯಾರ ಎತ್ತರ ಅತ್ತಿಗೆ?" ಎಂದು ಪ್ರೇಮಲೀಲಾ ಕೇಳಿದರು. ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅಮ್ಮ ಪಾತ್ರೆ ತೊಳೆಯುವ ಕಡೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಕಟ್ಟೆಯ ಮುಂದೆ ಬರಿಗಾಲಲ್ಲಿ ನಿಂತು, ಪಾಯಸದ ಪಾತ್ರೆಯ ಮುಚ್ಚಳ ತೆಗೆದು ಕೈಯಾಡಿಸಿದಳು. ಮೊಣಕೈ ಎಲ್ಲಿರಬೇಕೋ ಅಲ್ಲೇ ಇತ್ತು.

"ಊಟಕ್ಕೆ ಏಳ್ರಿ ಎಲ್ಲಾರೂ," ಎಂದರು ವಿಶಾಲಾಕ್ಷಕ್ಕ.

ಜನ ಊಟಕ್ಕೆ ಕೂತ ಮೇಲೆ ಉಗ್ರಾಣದಲ್ಲಿ ನಮ್ಮ ಪಂಚಾಯಿತಿ ನಡೆಯಿತು. ವಿಶಾಲಾಕ್ಷಕ್ಕ ಅಮ್ಮನ ಎದುರಿಗೆ ಬಂದು ನಿಂತರು. "ಹದಿನಾರು ವರ್ಷ ಉಪ್ಪು ತಿಂದು ಹಿಂಗೆ ಮಾಡಿದ್ಯಾ ತಿಪ್ಪಮ್ಮಾ?"

"ಉಪ್ಪು ನಾನೇ ಹಾಕಿದ್ದು ಅಮ್ಮಾರೇ. ಹದಿನಾರು ವರ್ಷ ಸರಿಯಾಗೇ ಹಾಕೀನಿ," ಎಂದಳು ಅಮ್ಮ.

"ಭೂಷಣಾ, ಇನ್ನೊಂದು ಮಂಡಲ ಆಗ್ಲಿ. ಬೇರೆಯವಳನ್ನ ತರ್ತೀನಿ. ಬಾಕ್ಸು ವಾಪಸ್ ಕಳಿಸು."

ಭೂಷಣಣ್ಣ ಟೆಂಪೊ ಹತ್ತಿರ ಹೋಗಿ ಬಾಕ್ಸು ನೋಡಿ ಬಂದಿದ್ದ. ನನ್ನನ್ನು ಕೊಲ್ಲುವ ಹಾಗೆ ನೋಡಿದ. ಆಮೇಲೆ ವ್ಯಾಪಾರದವನಾದ. "ಅಕ್ಕಾ, ಬಾಕ್ಸು ಮೂವತ್ತೊಂದಕ್ಕೆ ಕಟ್ ಆಗಿ ಬಂದಿದೆ. ಕಟ್ ಆದದ್ದು ವಾಪಸ್ ಹೋಗಲ್ಲ. ಮತ್ತೆ ಮೂರು ಸಲ ಹೇಳಿದ್ದಾಗಿದೆ. ಈಗ ಇನ್ನೊಂದು ಮಂಡಲ ಅಂದ್ರೆ, ಅಡುಗೆಯವಳನ್ನ ಬಿಡಿಸಿ ಕಟ್ಟೆ ಎತ್ತರಿಸಿದ್ರು ಅಂತ ನಿಮ್ಮ ನಾದಿನಿಯವರೇ..." ಎಂದು ಹೊರಗೆ ನೋಡಿದ. ಹೊರಗೆ ಪ್ರೇಮಲೀಲಾ ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು.

ವಿಶಾಲಾಕ್ಷಕ್ಕ ಬಾಗಿಲ ಸಂದಿಯಿಂದ ಆ ಕಡೆ ನೋಡಿದರು. "ಕೂರಿಸಿ ಹೋಗಿ," ಎಂದರು. "ತಿಪ್ಪಮ್ಮಾ, ನೀನು ಮಾತ್ರ ನಾಳೆಯಿಂದ ಬರಬೇಡ."

ಬಾಕ್ಸುಗಳು ಮಧ್ಯಾಹ್ನ ಮೂರಕ್ಕೆ ಕೂತವು. ಒಂದು ಕಡೆಯೂ ಸಂದು ಬರಲಿಲ್ಲ. ಶಟರುಗಳು ಬೆರಳು ತಾಗಿದರೆ ತೆರೆಯುತ್ತಿದ್ದವು. ನಾನು ಮಾಡಿದ ಅಡುಗೆಮನೆಗಳಲ್ಲಿ ಅದೇ ಅತ್ಯುತ್ತಮವಾದದ್ದು. ಸಂಜೆ ಭೂಷಣಣ್ಣ ನನ್ನ ಟೇಪು ಕಸಿದುಕೊಂಡು, ನಲ್ಲಿ ಮತ್ತು ಸ್ಟೂಲು ಮಾರುವ ಕೌಂಟರಿಗೆ ಕೂರಿಸಿದ. "ನಿನ್ನ ಬಾಯಿ ಅಳತೆಗೆ ಆಗಲ್ಲ," ಎಂದ. ಕೆಲಸದಿಂದ ತೆಗೆಯಲಿಲ್ಲ. ಡ್ರಾಯಿಂಗು ಮಾಡುವವರು ಬೇರೆ ಯಾರೂ ಅವನಿಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಮ್ಮ ಐದಕ್ಕೆ ಎದ್ದಳು. ಹೋಗುವುದಕ್ಕೆ ಜಾಗವಿರಲಿಲ್ಲ. ಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು. ಬುಧವಾರ ಮತ್ತೆ ಅವೇ ಡಬ್ಬಿಗಳನ್ನು ತೊಳೆದಳು. ವಿಶಾಲಾಕ್ಷಕ್ಕ ಎತ್ತರದ ಒಬ್ಬಳನ್ನು ಅಡುಗೆಗೆ ಹಚ್ಚಿದ್ದಾರೆ ಎಂದು ಅಂಗಡಿಯಲ್ಲಿ ಕೇಳಿದೆ. ಮನೆಗೆ ಬಂದು ಹೇಳಿದೆ.

"ಕಲ್ಲು ಎಷ್ಟು ದಿನಕ್ಕೆ ಸೀಳ್ತದೆ?" ಎಂದು ಅಮ್ಮ ಕೇಳಿದಳು.

"ಕ್ವಾರ್ಟ್ಜು ಗಟ್ಟಿ. ಹತ್ತು ದಿನ ತಡೀಬಹುದು. ಅಕ್ಕ ಪಟ್ಟು ಹಿಡಿದ್ರೆ ಸೀಳಿದ ಕಲ್ಲಲ್ಲೇ ಬೇಯಿಸ್ಬಹುದು."

"ಅದೂ ನಿಜ," ಎಂದಳು. ಗುರುವಾರ ಹೋಗಿ ಒಂದು ಹೋಟೆಲಿನಲ್ಲಿ ರೊಟ್ಟಿ ತಟ್ಟುವ ಕೆಲಸ ಕೇಳಿ ಬಂದಳು. ಅಲ್ಲಿ ಕಟ್ಟೆಯೇ ಇಲ್ಲ, ನೆಲದ ಮೇಲೆ ಕೂತು ತಟ್ಟಬೇಕಂತೆ. "ಮಂಡಿ ಬಿಡಲ್ಲ ಅನ್ಸತ್ತೆ. ಆದ್ರೂ ಸೋಮವಾರದ ತನಕ ನೋಡಿ ಹೇಳ್ತೀನಿ ಅಂದೀನಿ," ಎಂದಳು. ಕೊಟ್ರೇಶಪ್ಪನವರ ಮನೆಗೇ ಹೋಗಿ ಕೇಳೋಣವೇ ಎಂದು ನಾನು ಒಂದು ಸಲ ಬಾಯಿ ತೆರೆದೆ. ಅವಳು ನೋಡಿದ ರೀತಿಗೆ ಬಾಯಿ ಮುಚ್ಚಿದೆ.

ಆರನೆಯ ದಿನ ಅಂಗಡಿಗೆ ರಜೆಯಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ವಿಶಾಲಾಕ್ಷಕ್ಕ ಒಬ್ಬರೇ ಇಳಿದು ಬಂದರು. ಹದಿನಾರು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಇದ್ದ ಒಂದೇ ಕುರ್ಚಿ ಹಾಕಿದೆ. ಅವರು ಕೂತು, ಗೋಡೆ ನೋಡಿ, ನಮ್ಮ ಕಟ್ಟೆ ನೋಡಿ, ಅಮ್ಮನನ್ನು ನೋಡಿದರು.

"ಹೊಸಬಳು ಉಪ್ಪು ಹಾಕಿದ್ರೆ ಖಾರ ಮರೀತಾಳೆ," ಎಂದರು.

ಅಮ್ಮ ಲೋಟ ತೊಳೆದು ನೀರು ತಂದಿಟ್ಟಳು.

"ಮೂಲೆಯಲ್ಲಿ ಒಂದು ಗೆರೆ ಕಾಣಿಸ್ಕೊಂಡಿದೆ. ಕೂದಲಷ್ಟು. ನಿನ್ನೆ ಮಧ್ಯಾಹ್ನ ಟಿಕ್ ಅಂತ ಸದ್ದು ಬಂತು." ಆಮೇಲೆ ನನ್ನ ಕಡೆ ತಿರುಗಿ, "ಅದು ಮುಂದಕ್ಕೆ ಹೋಗುತ್ತಾ ಪುಷ್ಪಾ?" ಎಂದರು.

"ಹೋಗುತ್ತೆ ಅಕ್ಕಾ. ಅಮ್ಮ ನಿಂತ್ರೆ ಅಲ್ಲೇ ನಿಲ್ಲುತ್ತೆ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಬಾ ತಿಪ್ಪಮ್ಮಾ," ಎಂದರು ವಿಶಾಲಾಕ್ಷಕ್ಕ. "ಆದದ್ದು ಆಯ್ತು. ಪ್ರೇಮ ಊರೆಲ್ಲ ಹೇಳಿ ಮುಗಿಸಿದಾಳೆ. ಇನ್ನು ಮುಚ್ಚೋದೇನಿದೆ?"

"ಬರ್ತೀನಿ," ಎಂದಳು ಅಮ್ಮ. "ಒಂದು ಮಾತು. ಇನ್ನುಮುಂದೆ ಭಾನುವಾರ ಬರಲ್ಲ."

"ಭಾನುವಾರವಾ? ಭಾನುವಾರವೇ ಅಲ್ವಾ ಎಲ್ಲಾರೂ ಮನೇಲಿರೋದು? ಅಡುಗೆ ಯಾರು ಮಾಡ್ಬೇಕು?"

"ನೀವು ಮಾಡ್ರಿ. ವಾರಕ್ಕೊಂದಿನಕ್ಕೆ ಕಲ್ಲಿಗೇನೂ ಆಗಲ್ಲ. ಸ್ವಲ್ಪ ಬಗ್ಗಬೇಕಾಗುತ್ತೆ, ಅಷ್ಟೇ."

ವಿಶಾಲಾಕ್ಷಕ್ಕ ನನ್ನನ್ನು ನೋಡಿದರು. ನಾನು ಅಮ್ಮನ ಕಡೆ ನೋಡಿದೆ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಾಗಿರಲಿಲ್ಲ. ಅವರು ಕುರ್ಚಿಯಿಂದ ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, "ಆಯ್ತು," ಎಂದರು. "ಕಾರು ಇದೆ. ನಡಿ, ಹೋಗೋಣ. ಮನೆಯವರು ತಿಂಡಿನೂ ತಿಂದಿಲ್ಲ."

ಅಮ್ಮ ಕದಲಲಿಲ್ಲ.

"ಇವತ್ತು ಭಾನುವಾರ ಅಮ್ಮಾರೇ," ಎಂದಳು. "ನಾಳೆ ಆರಕ್ಕೆ ಬರ್ತೀನಿ."